ಸ್ಕಾಲರ್‌ಶಿಪ್ ಮೇಡಂ

ಬಸ್ಸಿನಿಂದ ಇಳಿದು ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ನಾನು ಯಾರ ಮನೆ ನೋಡಲು ಬಂದಿದ್ದೆನೋ ಆ ಹುಡುಗನ ಅಪ್ಪ ಹತ್ತಿರ ಬಂದರು. ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ಮೇಡಂ, ಊರೋರು ಯಾರಾನ ಕೇಳಿದ್ರೆ ಸ್ಕಾಲರ್‌ಶಿಪ್ ಕಡೇರು ಅಂದ್ಬುಡಿ.”

“ಆಯ್ತು” ಎಂದೆ. ಹಿಂದುಮುಂದು ಯೋಚಿಸಲಿಲ್ಲ. ನಮ್ಮ ಕೆಲಸದಲ್ಲಿ ಇಂಥ ವೇಷ ಹೊಸದಲ್ಲ. ನಾನು ಪರಿವೀಕ್ಷಣಾಧಿಕಾರಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹದಿನೆಂಟು ತುಂಬದ ಮಕ್ಕಳ ಮೇಲೆ ಕೇಸಾದಾಗ ಅವರ ಮನೆ, ಶಾಲೆ, ನೆರೆಹೊರೆ ನೋಡಿ ಬಾಲ ನ್ಯಾಯ ಮಂಡಳಿಗೆ ವರದಿ ಬರೆಯುವುದು, ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಮಂಡಳಿ ಹೇಳಿದಷ್ಟು ಕಾಲ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವುದು. ಮಗುವಿನ ಗುಟ್ಟು ಬಿಟ್ಟುಕೊಡಬಾರದು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಇಲಾಖೆಯ ಜೀಪಿನಲ್ಲಿ ಹೋಗುವುದಿಲ್ಲ, ಬಸ್ಸಿನಲ್ಲೇ ಹೋಗುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ವಿಮೆಯವಳಾಗಿದ್ದೇನೆ, ಜನಗಣತಿಯವಳಾಗಿದ್ದೇನೆ, ಹೊಲಿಗೆ ತರಬೇತಿಯವಳಾಗಿದ್ದೇನೆ. ಬೇಲೂರಿನ ಹತ್ತಿರ ಒಂದೂರಲ್ಲಿ, ಹೆಣ್ಣು ನೋಡಲು ಬಂದವಳೆಂದು ತಿಳಿದು ಪಕ್ಕದ ಮನೆಯವರು ಕೇಸರಿಬಾತು ಕೊಟ್ಟಿದ್ದರು. ನಿಜ ಹೇಳದೆ ತಿಂದು ಬಂದಿದ್ದೆ.

ಆದರೆ ಜಾವಗಲ್ಲಿಗೂ ಹಳೇಬೀಡಿಗೂ ನಡುವಿನ ಈ ಊರಿನಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಏಳು ತಿಂಗಳ ಹಿಂದೆ, ರಾಗಿ ಒಕ್ಕಣೆ ಮುಗಿದ ಕಣದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ರನ್ ಔಟ್ ಹೌದೋ ಅಲ್ಲವೋ ಎಂದು ಜಗಳ. ಈ ಹುಡುಗ ತನ್ನ ಗೆಳೆಯನ ಎದೆಗೆ ಎರಡೂ ಕೈಕೊಟ್ಟು ದೂಡಿದ. ಗೆಳೆಯ ಅಂಗಾತ ಬಿದ್ದ. ಒಕ್ಕಣೆಗೆ ಉರುಳಿಸುವ ರೋಣಗಲ್ಲನ್ನು ಯಾರೂ ಪಕ್ಕಕ್ಕೆ ಸರಿಸಿರಲಿಲ್ಲ, ತಲೆ ಅದಕ್ಕೆ ಬಡಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡ. ಇಬ್ಬರಿಗೂ ಹದಿನಾರು ವರ್ಷ, ಇಬ್ಬರೂ ಹತ್ತನೇ ಕ್ಲಾಸು, ಇಬ್ಬರದೂ ಒಂದೇ ಬೀದಿ. ಎರಡು ಮನೆಗಳ ನಡುವೆ ಇರುವುದು ಮೂರೇ ಮನೆ.

ಊರು ಕುದಿಯುತ್ತಿದ್ದುದರಿಂದ, ಹೊರಗೆ ಬಿಟ್ಟರೆ ಹುಡುಗನಿಗೇ ಅಪಾಯವೆಂದು ಮಂಡಳಿ ಅವನನ್ನು ವೀಕ್ಷಣಾಲಯದಲ್ಲೇ ಇರಿಸಿತ್ತು. ಊರವರ ಬಾಯಲ್ಲಿ ಅದು ಬಾಲಮಂದಿರ, ಸಿಟ್ಟು ಬಂದಾಗ ಜೈಲು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಅವನು ಅಲ್ಲಿಂದಲೇ ಬರೆದು ಪಾಸು ಮಾಡಿದ್ದ. ಈಗ ವಿಚಾರಣೆ ಮುಗಿದು, ಅವನನ್ನು ಅಪ್ಪ ಅಮ್ಮನ ವಶಕ್ಕೆ ಕೊಡಬಹುದೇ ಎಂದು ಮಂಡಳಿ ನನ್ನನ್ನು ಕೇಳಿತ್ತು. ಅದನ್ನು ನೋಡಲು ಬಂದಿದ್ದೆ.

ಮನೆ ಚೊಕ್ಕಟವಾಗಿತ್ತು. ಅಪ್ಪ ತೆಂಗಿನಕಾಯಿ ಸುಲಿಯುವವರು, ದುಡಿಮೆಗಾರರು, ಕುಡಿತ ಇಲ್ಲ. ಅಮ್ಮನಿಗೆ ಎರಡು ಹಸು. ಹುಡುಗನ ಬಟ್ಟೆಗಳನ್ನು ಒಗೆದು ಮಡಿಸಿ ಇಟ್ಟಿದ್ದರು. ನನ್ನ ನಮೂನೆಯ ಕಾಲಂಗಳೆಲ್ಲ ಸಲೀಸಾಗಿ ತುಂಬಿದವು, ಕೊನೆಯದೊಂದನ್ನು ಬಿಟ್ಟು: ನೆರೆಹೊರೆಯವರ ಅಭಿಪ್ರಾಯ. ಸ್ಕಾಲರ್‌ಶಿಪ್ ಕಡೆಯವಳು ಅದನ್ನು ಹೇಗೆ ಕೇಳಬೇಕು? ಬೀದಿಯಲ್ಲಿ ಪಕ್ಕದ ಮೂರು ಬಾಗಿಲಲ್ಲಿ ನಿಂತು, “ಆ ಮನೆಯ ಹುಡುಗ ಓದೋದ್ರಲ್ಲಿ ಹೇಗೆ?” ಎಂದು ಸುತ್ತಿಬಳಸಿ ಕೇಳಿದೆ. ಜನ ನನ್ನ ಮುಖ ನೋಡಿ, “ಒಳ್ಳೇ ಹುಡ್ಗನೇ ಕಣಮ್ಮ, ಏನೋ ಗ್ರಾಚಾರ” ಎಂದು ಒಳಗೆ ಹೋದರು. ಹುಡುಗನ ಮನೆಯಿಂದ ಎಣಿಸಿದರೆ ಐದನೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಿಕ್ಸಿಯ ಸದ್ದು ಕೇಳುತ್ತಿತ್ತು. ಅದು ತೀರಿಕೊಂಡವನ ಮನೆ ಎಂದು ನನಗೆ ಗೊತ್ತಿತ್ತು. ನಾನು ಗಡಿಯಾರ ನೋಡಿಕೊಂಡೆ, ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ವರದಿಯಲ್ಲಿ ಬರೆದೆ: “ನೆರೆಹೊರೆಯವರಿಂದ ವಿರೋಧ ಕಂಡುಬಂದಿಲ್ಲ.”

ಮಂಡಳಿಯಲ್ಲಿ ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿದರು. “ಬೇರೆ ಸಂಬಂಧಿಕರು ಯಾರೂ ಇಲ್ಲವೇ?” ಎಂದು ಕೇಳಿದರು. ಬಿಕ್ಕೋಡಿನ ಹತ್ತಿರ ಕಾಫಿ ತೋಟದಲ್ಲಿ ಕೆಲಸ ಮಾಡುವ ಸೋದರತ್ತೆ ಒಬ್ಬರಿದ್ದರು, ಇಟ್ಟುಕೊಳ್ಳಲು ತಯಾರಿದ್ದರು. ಎಲ್ಲಿರುತ್ತೀಯ ಎಂದು ಹುಡುಗನನ್ನು ನಾನು ವೀಕ್ಷಣಾಲಯದಲ್ಲಿ ಆಗಲೇ ಕೇಳಿದ್ದೆ. ತಲೆ ಬಗ್ಗಿಸಿಕೊಂಡೇ ಇದ್ದವನು ಅದೊಂದು ಪ್ರಶ್ನೆಗೆ ಮಾತ್ರ ತಲೆ ಎತ್ತಿ, “ಮನೆಗೋಯ್ತೀನಿ ಮೇಡಂ” ಎಂದಿದ್ದ. ಅದನ್ನೇ ಹೇಳಿದೆ, ಮನೆಗೇ ಶಿಫಾರಸು ಮಾಡಿದೆ. ಆದೇಶವಾಯಿತು: ಒಂದು ವರ್ಷ ನನ್ನ ಮೇಲ್ವಿಚಾರಣೆ, ಓದು ಮುಂದುವರಿಸಬೇಕು, ಮೃತನ ಮನೆಗೆ ಹೋಗಬಾರದು, ಅವರಿಗೆ ಯಾವ ತೊಂದರೆಯೂ ಆಗಬಾರದು. ಊರಿನಲ್ಲಿ ಮತ್ತೆ ಗಲಾಟೆಯೆದ್ದರೆ ಮನೆಯ ವಿಚಾರವನ್ನು ಮಂಡಳಿ ಮತ್ತೆ ಯೋಚಿಸುತ್ತದೆ.

ಹುಡುಗ ಮನೆಗೆ ಬಂದ ಮೂರನೇ ವಾರ ನೋಡಲು ಹೋದೆ. ಅವನು ಹೊಸದಾಗಿ ಬೇಲೂರಿನ ಐಟಿಐಗೆ, ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ್ದ. ಅಂದು ರಜೆ. ಹೆಸರು ಹಿಡಿದು ಕರೆದರೆ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅಮ್ಮ ಮುದ್ದೆ ಬಡಿಸಿದರೂ, ಯಾರಾದರೂ “ತಿನ್ನು” ಎನ್ನುವವರೆಗೆ ಕೈ ಹಾಕುತ್ತಿರಲಿಲ್ಲ. ಉಂಡ ತಟ್ಟೆಯನ್ನು ತೊಳೆದು, ಅಮ್ಮನಿಗೆ ತೋರಿಸಿ, ಆಮೇಲೆ ಜೋಡಿಸಿಡುತ್ತಿದ್ದ. ಅಪ್ಪ, “ಶಿಸ್ತು ಕಲ್ತವ್ನೆ ಬುಡಿ ಮೇಡಂ” ಎಂದು ನಗಲು ನೋಡಿದರು.

ಅಮ್ಮ ನನ್ನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋಗಿ ಅತ್ತರು. “ಕಕ್ಕಸಿಗೆ ಹೋಗ್ಲಾ ಅವ್ವಾ ಅಂತ ಕೇಳ್ತಾನೆ ಮೇಡಂ. ನಮ್ ಮನೇಲಿ, ನನ್ನ ಕೇಳ್ತಾನೆ.”

ನನ್ನ ನಮೂನೆಯಲ್ಲಿ ಇದನ್ನು ಬರೆಯುವ ಕಾಲಂ ಇರಲಿಲ್ಲ. “ನಡತೆ: ಉತ್ತಮ” ಎಂದು ಬರೆದೆ.

ಬೀದಿಯಲ್ಲಿ ಯಾರಾದರೂ ಬಂದ ಸದ್ದಾದರೆ ಅವನು ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದ. ಅಲ್ಲಿ ಕೊಬ್ಬರಿಯಾಗಲೆಂದು ತೆಂಗಿನಕಾಯಿ ಹರಡಿದ್ದರು. ಅವುಗಳ ನಡುವೆ ಗಂಟೆಗಟ್ಟಲೆ ಕೂರುತ್ತಿದ್ದ. ಬೆಳಿಗ್ಗೆ ಊರ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಗೆಳೆಯನ ತಾಯಿ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಡೈರಿಗೆ ಹಾಲು ತರುತ್ತಾರೆ ಎಂದು, ಬೆಳಕು ಹರಿಯುವ ಮುಂಚೆ ಹೊರಟು ತೋಟಗಳ ಒಳಗಿನಿಂದ ಮುಂದಿನ ಊರಿಗೆ ನಡೆದು ಅಲ್ಲಿ ಬಸ್ಸು ಹತ್ತುತ್ತಿದ್ದ. ಸಂಜೆಯೂ ಹಾಗೆಯೇ. ಅವನ ಅಮ್ಮನೂ ಹಾಲನ್ನು ಆ ಮುಂದಿನ ಊರಿನ ಡೈರಿಗೇ ಹಾಕುತ್ತಿದ್ದರು. ಒಂದು ದಿನವೂ ಕ್ಲಾಸು ತಪ್ಪಿಸಿಲ್ಲ ಎಂದು ಐಟಿಐನ ಮೇಷ್ಟರು ನನಗೆ ಫೋನಿನಲ್ಲಿ ಹೇಳಿದರು. 

ಆ ಭೇಟಿಯ ದಿನವೇ, ವಾಪಸು ಬಸ್ಸಿಗೆ ಕಾಯುತ್ತಿದ್ದಾಗ, ಒಬ್ಬ ಹೆಂಗಸು ಓಡೋಡಿ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಹಿಂದೆ ಎರಡು ಜಡೆಯ ಒಬ್ಬ ಹುಡುಗಿ.

“ಸ್ಕಾಲರ್‌ಶಿಪ್ ಮೇಡಂ ನೀವೇ ಅಲ್ವಾ? ಅಂಗಡಿಯಣ್ಣ ಹೇಳ್ದ. ನನ್ ಮಗ್ಳು ಒಂಬತ್ನೇ ಕ್ಲಾಸು. ಯಾಡು ವರ್ಸದಿಂದ ಅರ್ಜಿ ಹಾಕ್ತಾನೇ ಇವ್ನಿ, ಬತ್ತಾನೇ ಇಲ್ಲ.” ಕವರಿನಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟರು: ರೇಷನ್ ಕಾರ್ಡು, ಆಧಾರ್, ಜಾತಿ ಆದಾಯದ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು. ಕೊನೆಗೆ ಒಂದು ಅಂಕಪಟ್ಟಿ. “ಇದು ದೊಡ್ಡೋನ್ದು. ಅವ್ನಿಗೆ ಬಂದಿತ್ತು, ಒಂದ್ಸಲ. ಅವ್ನು ಈಗಿಲ್ಲ. ಇದೂ ಬೇಕಾಯ್ತದಾ ಮೇಡಂ?”

ಅಂಕಪಟ್ಟಿಯ ಮೇಲಿನ ಹೆಸರು ನನಗೆ ಗೊತ್ತಿತ್ತು. ನನ್ನ ಫೈಲಿನಲ್ಲಿ ಅದು ಪ್ರತಿ ಪುಟದಲ್ಲೂ ಇದೆ.

ಅಲ್ಲೇ ಹೇಳಬೇಕಾಗಿತ್ತು. “ಅಮ್ಮಾ, ನಾನು ಸ್ಕಾಲರ್‌ಶಿಪ್ಪಿನವಳಲ್ಲ” ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಆಕೆಯ ಮುಖದಲ್ಲಿ ಅಷ್ಟೊಂದು ಆಸೆಯಿತ್ತು.  “ನೋಡ್ತೀನಿ, ಅಂಕಪಟ್ಟಿ ಬೇಡ” ಎಂದು ಅದೊಂದನ್ನು ಮರಳಿಸಿ, ಉಳಿದದ್ದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹುಡುಗಿ ಕೈ ಬೀಸಿದಳು. ಅರಸೀಕೆರೆ ಬರುವವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ನಾನು ಮಾಡಿದ್ದು ತಪ್ಪು ಮಾಡಿದವರೆಲ್ಲ ಮಾಡುವ ಕೆಲಸ. ಸ್ಕಾಲರ್‌ಶಿಪ್ ನಿಜವಾಗಿ ಬಂದುಬಿಟ್ಟರೆ ನಾನು ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಕಂಪ್ಯೂಟರಿನಲ್ಲಿ ಅರ್ಜಿ ಹುಡುಕಿಸಿದೆ. ಎರಡು ವರ್ಷವೂ ಅರ್ಜಿ ಮಂಜೂರಾಗಿತ್ತು. ಆದರೆ ಹುಡುಗಿಯ ಖಾತೆಗೆ ಆಧಾರ್ ಜೋಡಣೆಯಾಗದೆ ದುಡ್ಡು ಹಿಂದಕ್ಕೆ ಹೋಗಿತ್ತು. ಆದಾಯ ಪತ್ರದ ಅವಧಿಯೂ ಮುಗಿದಿತ್ತು. ಜಾವಗಲ್ಲಿನ ನಾಡಕಚೇರಿಯಲ್ಲಿ ಹೊಸ ಪತ್ರಕ್ಕೆ ಅರ್ಜಿ ಹಾಕಿಸಿದೆ. ಬ್ಯಾಂಕಿನಲ್ಲಿ ಹುಡುಗಿಯೇ ಬಂದು ಬೆರಳು ಒತ್ತಬೇಕು ಎಂದರು. ಹಾಗೆಂದು ಆ ತಾಯಿಗೆ ಫೋನು ಮಾಡಿದೆ. ಅವರು ಸಂತೋಷದಿಂದ, “ಮೇಡಂ ನೀವೇ ಫೋನ್ ಮಾಡಿದ್ರಾ!” ಎಂದರು. ಒಂದು ಸುಳ್ಳಿಗೆ ಇಷ್ಟು ಪ್ರಾಮಾಣಿಕವಾಗಿ ನಾನು ಎಂದೂ ದುಡಿದಿರಲಿಲ್ಲ.

ಮುಂದಿನ ತಿಂಗಳ ಭೇಟಿಯ ದಿನ ಹುಡುಗನ ಮನೆಯ ನಡುಮನೆಯಲ್ಲಿ ಕೂತು ಹಾಜರಾತಿ ಪುಸ್ತಕ ನೋಡುತ್ತಿದ್ದೆ. ಹುಡುಗ ನನ್ನೆದುರು ಕೂತು, ಮನೆಯ ಹಳೇ ಸ್ವಿಚ್ ಬೋರ್ಡನ್ನು ತಾನೇ ರಿಪೇರಿ ಮಾಡಿದ್ದನ್ನು ಹೇಳುತ್ತಿದ್ದ. ಬಂದ ಮೇಲೆ ಮೊದಲ ಸಲ ಅವನು ತಾನಾಗಿ ಮಾತನಾಡಿದ್ದು. ಆಗ ಬೀದಿಯಿಂದ ಕೂಗು ಕೇಳಿಸಿತು: “ಸ್ಕಾಲರ್‌ಶಿಪ್ ಮೇಡಂ ಇಲ್ಲವ್ರಾ?”

ಯಾರಿಗೂ ಏಳಲು ಹೊತ್ತು ಸಿಗಲಿಲ್ಲ. ತೀರಿಕೊಂಡವನ ತಾಯಿ ಹೊಸ್ತಿಲ ಹೊರಗೆ ನಿಂತಿದ್ದರು, ಕೈಯಲ್ಲಿ ಬ್ಯಾಂಕಿನ ಚೀಟಿ. ಮಗ ಹೋದ ಮೇಲೆ ಈ ಬಾಗಿಲಿಗೆ ಅವರು ಬಂದಿದ್ದು ಅದೇ ಮೊದಲು. ನನಗೋಸ್ಕರ, ಅಷ್ಟು ಧೈರ್ಯ ಮಾಡಿ ಬಂದಿದ್ದರು. ಅವರ ಕಣ್ಣು ನನ್ನಿಂದ ಹುಡುಗನ ಕಡೆ ಹೋಯಿತು, ಅವನ ತೊಡೆಯ ಮೇಲಿದ್ದ ಐಟಿಐ ಪುಸ್ತಕದ ಕಡೆ ಹೋಯಿತು. ಹುಡುಗ ಎದ್ದು ಕೈ ಹಿಂದೆ ಕಟ್ಟಿಕೊಂಡು ನಿಂತ.

“ಇವ್ನಿಗೂ ಕೊಡ್ತೀರಾ ಮೇಡಂ?” ಎಂದು ಕೇಳಿದರು.

ನಾನು ಹಾಜರಾತಿ ಪುಸ್ತಕ ಮುಚ್ಚಿದೆ. ಆಕೆ ಚೀಟಿ ಮಡಿಸಿಕೊಂಡು ಹೊರಟುಹೋದರು.

ಮಾರನೇ ದಿನವೇ ಊರಲ್ಲಿ ಸುದ್ದಿ ಹಬ್ಬಿತು: ಕೊಂದವನಿಗೆ ಸರ್ಕಾರ ದುಡ್ಡು ಕೊಟ್ಟು ಓದಿಸುತ್ತಿದೆ, ಅದಕ್ಕೇ ತಿಂಗಳಿಗೊಮ್ಮೆ ಮೇಡಂ ಬರುತ್ತಾರೆ. ಹುಡುಗನ ಅಪ್ಪನಿಗೆ ಎರಡು ಕಡೆ ಕಾಯಿ ಸುಲಿಯಲು ಬರಬೇಡ ಎಂದರು. ಯಾರೋ ಅವರ ಮನೆಯ ಹೆಂಚಿಗೆ ಕಲ್ಲು ಹೊಡೆದರು. ಪೊಲೀಸ್ ಠಾಣೆಯಿಂದ ನನಗೆ ಫೋನು ಬಂತು: “ಏನ್ ಮೇಡಂ, ತಣ್ಣಗಿದ್ದ ಊರಿಗೆ ಸ್ಕಾಲರ್‌ಶಿಪ್ಪು ಅಂತೆಲ್ಲ ಏನ್ ಮಾಡಿಟ್ರಿ?” ತಮಾಷೆಯ ದನಿಯಲ್ಲೇ ಕೇಳಿದರು. ಆದರೆ ಠಾಣೆಯ ಪುಸ್ತಕದಲ್ಲಿ ಗಲಾಟೆ ದಾಖಲಾದರೆ ಅದು ಮಂಡಳಿಗೆ ಹೋಗುತ್ತದೆ, ಮಂಡಳಿ ಹುಡುಗನನ್ನು ಮನೆಯಿಂದ ತೆಗೆಯುತ್ತದೆ. ಏಳು ತಿಂಗಳು ಕಾದು ಮನೆಗೆ ಬಂದವನು ಎರಡು ತಿಂಗಳಿಗೆ ಮತ್ತೆ ಮನೆ ಬಿಡಬೇಕು. ಅದೂ ಅವನ ತಪ್ಪಿನಿಂದಲ್ಲ.

ಕಚೇರಿಯಲ್ಲಿ ಹಿರಿಯರೊಬ್ಬರು ದಾರಿ ಹೇಳಿಕೊಟ್ಟರು. ಸುಮ್ಮನಿದ್ದುಬಿಡಿ, ಎರಡು ತಿಂಗಳು ಊರಿಗೆ ಹೋಗಬೇಡಿ, ಫೋನಿನಲ್ಲೇ ವಿಚಾರಿಸಿ ವರದಿ ಬರೆಯಿರಿ, ತಾನಾಗಿ ತಣ್ಣಗಾಗುತ್ತದೆ. ಅದು ಕೆಟ್ಟ ಸಲಹೆಯೇನಲ್ಲ. ಹಾಗೆ ಮಾಡಿದ್ದರೆ ಹುಡುಗ ಮನೆಯಲ್ಲೇ ಉಳಿಯುತ್ತಿದ್ದನೋ ಏನೋ ಎಂದು ಇವತ್ತಿಗೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ “ಇವ್ನಿಗೂ ಕೊಡ್ತೀರಾ” ಎಂದು ಕೇಳಿದ ಮುಖ ಕಣ್ಣಿಂದ ಹೋಗುತ್ತಿರಲಿಲ್ಲ. ಮೂರು ದಿನ ಒದ್ದಾಡಿ, ನಾಲ್ಕನೇ ದಿನ ಊರಿಗೆ ಹೋದೆ. ಮೊದಲು ಹುಡುಗನಿಗೆ ಹೇಳಿದೆ: “ಆ ಅಮ್ಮನಿಗೆ ನಾನು ಯಾರು ಅಂತ ನಿಜ ಹೇಳ್ತೀನಿ. ನಿನ್ನ ವಿಷಯ ಹೇಳಬೇಕಾಗುತ್ತೆ. ಹೇಳಲಾ?”

“ಹೇಳಿ ಮೇಡಂ. ನಾನೂ ಬತ್ತೀನಿ.”

“ನೀನು ಬರೋ ಹಾಗಿಲ್ಲ. ಆದೇಶದಲ್ಲೇ ಇದೆ.”

ಅವನು ತಲೆಯಾಡಿಸಿ ಅಟ್ಟಕ್ಕೆ ಹತ್ತಿದ.

ಐದನೆಯ ಮನೆಯ ಬಾಗಿಲು ಅವತ್ತೂ ಅರ್ಧ ತೆರೆದಿತ್ತು. ಆಕೆ ನನ್ನನ್ನು ಕಂಡು ಚಾಪೆ ಹಾಸಿದರು. ನಾನು ಕೂರದೆಯೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಎಂದು. ನಾನು ಸ್ಕಾಲರ್‌ಶಿಪ್ಪಿನವಳಲ್ಲ, ಹುಡುಗನ ಮೇಲೆ ನಿಗಾ ಇಡಲು ಬರುವವಳು, ಅವನಿಗೆ ಸರ್ಕಾರ ದುಡ್ಡು ಕೊಡುತ್ತಿಲ್ಲ, ಗುಟ್ಟು ಕಾಪಾಡಲು ಹೇಳಿದ ಸುಳ್ಳು ಅದು, ನಿಮ್ಮ ಮಗಳ ಅರ್ಜಿ ಮಾತ್ರ ನಿಜ, ಅದನ್ನು ಕೊನೆಮುಟ್ಟಿಸುತ್ತೇನೆ, ನಾನು ಮಾಡಿದ್ದು ತಪ್ಪು.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಗೋಡೆಗೆ ಒರಗಿ ಕೂತರು.

“ಬಾಡಿ ಕೊಟ್ಟು ಕಳ್ಸುದ್ಮೇಲೆ ನಮ್ ಮನೆಗೆ ಸರ್ಕಾರದೋರು ಒಬ್ರೂ ಬಂದಿಲ್ಲ ಮೇಡಂ” ಎಂದರು. “ಪೋಲೀಸ್ನೋರು ಬರ್ಕಂಡು ಹೋದ್ರು, ಅಷ್ಟೆಯ. ಉಂಡ್ಯಾ, ಮಲಗ್ದ್ಯಾ ಅಂತ ಕೇಳೋಕೆ ಯಾರೂ ಬರ್ಲಿಲ್ಲ. ನೀವು ನಮ್ ಬೀದಿಲಿ ಓಡಾಡ್ತಿದ್ರಲ್ಲ, ನನ್ ಮಗ್ಳ ಹೆಸ್ರು ನೆಪ್ಪಿಟ್ಕಂಡು ಫೋನ್ ಮಾಡಿದ್ರಲ್ಲ, ನಮಗೂ ಒಬ್ರು ಅವ್ರೆ ಅಂದ್ಕಂಡಿದ್ದೆ.” ಆಮೇಲೆ, “ನೀವು ಅವ್ನಿಗೆ ಬಂದೋರು” ಎಂದರು.

 ನಿಜವಾಗಿಯೂ ಆ ಮನೆಗೆಂದು ನಮ್ಮಲ್ಲಿ ಫೈಲಿಲ್ಲ, ನಮೂನೆಯಿಲ್ಲ, ತಿಂಗಳಿಗೊಮ್ಮೆ ಹೋಗುವವರಿಲ್ಲ. ನಾನು ಇಷ್ಟು ವರ್ಷ ಈ ಕೆಲಸ ಮಾಡಿಯೂ ಅದನ್ನು ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲೇ ಅವರ ಎದುರು ಅತ್ತುಬಿಟ್ಟೆ. ಆಕೆಯೇ ಎದ್ದು ನೀರು ತಂದುಕೊಟ್ಟರು.

“ಅವ್ನು ಬತ್ತಾನೆ ಅಂತ ನನ್ನ ಒಂದ್ಮಾತು ಕೇಳಿದ್ರಾ?” ಎಂದು ಕೇಳಿದರು.

“ಇಲ್ಲಮ್ಮ. ಕೇಳಬೇಕಾಗಿತ್ತು. ನಿಮ್ಮ ಬಾಗಿಲವರೆಗೆ ಬಂದು ವಾಪಸು ಹೋದೆ.”

“ಕೇಳಿದ್ರೆ ಬ್ಯಾಡ ಅಂತಿದ್ದೆ. ಅವ್ನು ಕೆಟ್ಟೋನು ಅಂತಲ್ಲ. ಇದೇ ಮನೇಲಿ ಎಷ್ಟೋ ಸಲ ಉಂಡೋನು. ಬೆಳ್ಗಾಮುಂಚೆ ಅವ್ರ ಮನೆ ಬಾಗ್ಲು ತೆಗೆಯೋ ಸದ್ದು ಕೇಳ್ತದೆ ಮೇಡಂ. ನಾನು ಎದ್ದೇ ಇರ್ತೀನಿ. ಅವ್ನು ಓದೋಕೆ ಹೊಂಟ ಅಂತ ಗೊತ್ತಾಯ್ತದೆ. ನಂಗೆ ತಡ್ಯಕ್ಕಾಗಾಕಿಲ್ಲ.”

ಕಣ್ಣಿಗೆ ಬೀಳಬಾರದೆಂದು ಹುಡುಗ ಕತ್ತಲಲ್ಲೇ ಹೊರಡುತ್ತಿದ್ದ. ಆಕೆ ಅದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದರು.

ಕಚೇರಿಗೆ ಬಂದು ಮಂಡಳಿಗೆ ಹೆಚ್ಚುವರಿ ವರದಿ ಬರೆದೆ. ನನ್ನ ಮೊದಲ ವರದಿಯಲ್ಲಿ ಮೃತನ ಕುಟುಂಬವನ್ನು ವಿಚಾರಿಸಿರಲಿಲ್ಲ, ನೆರೆಹೊರೆಯ ವಿರೋಧ ಇಲ್ಲವೆಂದು ಬರೆದದ್ದು ಸರಿಯಲ್ಲ, ಊರಿನ ಈಗಿನ ಗಲಾಟೆಗೆ ಹುಡುಗನಲ್ಲ, ನಾನು ಕಾರಣ. ಕೊನೆಗೆ ಆಕೆಯ ಮಾತನ್ನು ಅವರ ಮಾತಿನಲ್ಲೇ ಬರೆದೆ. ಕೆಳಗೆ ಸಹಿ ಹಾಕುವಾಗ, ಇದು ಹುಡುಗನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ನನಗೆ ತಿಳಿದಿತ್ತು.

ನ್ಯಾಯಾಧೀಶರು ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅದು ನ್ಯಾಯವೇ. ಹುಡುಗನ ಬಗ್ಗೆ, ಬಿಕ್ಕೋಡಿನ ಸೋದರತ್ತೆಯ ಮನೆಯಲ್ಲಿದ್ದು ಓದು ಮುಂದುವರಿಸಬೇಕು, ಸದ್ಯಕ್ಕೆ ಊರಿಗೆ ಹೋಗುವಂತಿಲ್ಲ ಎಂದು ಆದೇಶವಾಯಿತು.

ಹುಡುಗನ ಅಮ್ಮ ನನ್ನ ಮುಖಕ್ಕೇ ಹೇಳಿದರು: “ನೀವು ಬಾಯ್ ಮುಚ್ಕಂಡಿದ್ದಿದ್ರೆ ಆಯ್ತಿತ್ತಲ್ಲ ಮೇಡಂ. ನಿಮ್ಮ ಮನ್ಸಿಗೆ ಸಮಾಧಾನ ಬೇಕಿತ್ತು. ನನ್ ಮಗ್ನ ಕಿತ್ಕಂಡ್ರಿ.”

ಅದರಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ.  ಹುಡುಗ ಮಾತ್ರ ಅಟ್ಟದಿಂದ ಇಳಿದು ಬಂದು, ಬಟ್ಟೆಗಳನ್ನು ಚೌಕಾಕಾರವಾಗಿ ಮಡಿಸಿ ಬ್ಯಾಗಿಗೆ ತುಂಬಿದ. “ಬುಡವ್ವ, ಬೇಲೂರಿಗೆ ಅಲ್ಲಿಂದ್ಲೇ ಹತ್ರ” ಎಂದ. ಅಪ್ಪನ ಕಾಲು ಮುಟ್ಟಿದ. ಅವನಿಗೆ ಹದಿನೇಳು ವರ್ಷ.

ಬಿಕ್ಕೋಡಿನಲ್ಲಿ ಅವನಿಗೆ ಸಿಕ್ಕಿದ್ದು ತೋಟದ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯ ಮೂಲೆಯಲ್ಲಿ ಒಂದು ಚಾಪೆ. ಅತ್ತೆ ಬೆಳಿಗ್ಗೆ ಕಾಫಿ ಹಣ್ಣು ಕುಯ್ಯಲು ಹೋದರೆ ಬರುವುದು ಸಂಜೆಗೆ. ಹುಡುಗ ಅನ್ನ ಮಾಡುತ್ತಿದ್ದ, ನೀರು ತುಂಬುತ್ತಿದ್ದ, ಜೀಪಿನಲ್ಲಿ ನೇತಾಡಿಕೊಂಡು ಬೇಲೂರಿಗೆ ಹೋಗುತ್ತಿದ್ದ. ಆ ಚಳಿಗಾಲ ಅವನಿಗೆ ಕಷ್ಟದ್ದಾಗಿತ್ತು. ಗೆಳೆಯ ತೀರಿಕೊಂಡ ದಿನ ತಿರುಗಿ ಬಂದಾಗ ಎರಡು ದಿನ ಊಟ ಬಿಟ್ಟ. ಅತ್ತೆ ಫೋನು ಮಾಡಿ ನಾನು ಹೋಗುವಷ್ಟರಲ್ಲಿ ಜ್ವರ ಬಂದಿತ್ತು. “ನಾನ್ ದೂಡ್ದೆ ಮೇಡಂ. ಔಟೇ ಆಗಿದ್ದ ಅವ್ನು. ಆದ್ರೂ ದೂಡ್ಬಾರ್ದಿತ್ತು” ಎಂದು ಮತ್ತೆ ಮತ್ತೆ ಹೇಳಿದ. ಬೇಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಆಪ್ತ ಸಮಾಲೋಚಕರ ಬಳಿಗೆ ಆರು ಸಲ ಕರೆದುಕೊಂಡು ಹೋದೆ. ಮೂರನೆಯ ಸಲದ ಹೊತ್ತಿಗೆ ಅವನು ನಿದ್ದೆ ಮಾಡಲು ಶುರು ಮಾಡಿದ. ಬೇಸಿಗೆಯ ಹೊತ್ತಿಗೆ ತೋಟದ ಲೈನಿನ ಮನೆಗಳಲ್ಲಿ ಫ್ಯಾನು, ಮೋಟಾರು ಕೆಟ್ಟರೆ ಅವನನ್ನೇ ಕರೆಯುತ್ತಿದ್ದರು. ಅಲ್ಲಿಯವರು ಯಾರೂ ಅವನ ಹಿಂದಿನದನ್ನು ಕೇಳಲಿಲ್ಲ. ನಾನೂ ಅಲ್ಲಿ ಯಾವ ವೇಷವನ್ನೂ ಹಾಕಲಿಲ್ಲ. ಕೇಳಿದವರಿಗೆ, “ಈ ಹುಡುಗನನ್ನು ನೋಡಲು ಬಂದೆ” ಎಂದಷ್ಟೇ ಹೇಳುತ್ತಿದ್ದೆ.

ಐದನೆಯ ಮನೆಗೂ ಹೋಗುತ್ತಿದ್ದೆ. ಯಾವ ಆದೇಶವೂ ಇರಲಿಲ್ಲ, ಪ್ರಯಾಣ ಭತ್ಯೆಯೂ ಇಲ್ಲ. ಮೊದಲೆರಡು ಸಲ ಆಕೆ ಚಾಪೆ ಹಾಸಲಿಲ್ಲ. ಹುಡುಗಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಬೆರಳೊತ್ತಿಸಿ, ಹೊಸ ಅರ್ಜಿ ಹಾಕಿಸಿದ್ದಾಯಿತು. ಯುಗಾದಿ ಕಳೆದ ಮೇಲೆ ದುಡ್ಡು ಖಾತೆಗೆ ಬಂತು. ಅದಕ್ಕೆ ಆಕೆ ಫೋನು ಮಾಡಲಿಲ್ಲ, ಹುಡುಗಿ ಮಾಡಿದಳು.

ಮೇಲ್ವಿಚಾರಣೆಯ ವರ್ಷ ಮುಗಿಯಲು ಎರಡು ವಾರ ಇತ್ತು. ಕೊನೆಯ ವರದಿ ಬರೆಯುತ್ತಿದ್ದೆ. ಮುಂದೆ ಹುಡುಗ ಎಲ್ಲಿರುತ್ತಾನೆ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೆ. ಹುಡುಗನನ್ನು ಕೇಳಿದರೆ, “ಎಲ್ಲಾದ್ರೂ ಸರಿ ಮೇಡಂ” ಎನ್ನುತ್ತಿದ್ದ. ಹೋದ ವರ್ಷ ಮನೆಗೆ ಹೋಗುತ್ತೇನೆಂದು ತಲೆ ಎತ್ತಿದ್ದವನು. ಆಗ ಆಕೆಯ ಫೋನು ಬಂತು.

“ಅವ್ನನ್ನ ಒಂದ್ಸಲ ಕರ್ಕಂಡು ಬನ್ನಿ ಮೇಡಂ.”

“ಯಾಕಮ್ಮ?”

“ಬಯ್ಯಾಕಿಲ್ಲ. ನೋಡ್ಬೇಕು, ಅಷ್ಟೆಯ.”

ಮೃತನ ಮನೆಗೆ ಹೋಗಬಾರದೆಂಬ ಷರತ್ತು ಇನ್ನೂ ಇತ್ತು. ಈ ಸಲ ನಾನು ಏನನ್ನೂ ನನ್ನಷ್ಟಕ್ಕೆ ಮಾಡಲಿಲ್ಲ. ಆಕೆಯಿಂದ ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿದೆ, ಹುಡುಗನ ಒಪ್ಪಿಗೆ ಬರೆಸಿಕೊಂಡೆ, ಅವನ ಅಪ್ಪ ಅಮ್ಮನ ಸಹಿ ಪಡೆದೆ, ಮಂಡಳಿಯ ಮುಂದೆ ಅರ್ಜಿ ಇಟ್ಟೆ. ಒಂದು ದಿನದ ಭೇಟಿಗೆ, ನಾನು ಜೊತೆಯಲ್ಲಿರಬೇಕೆಂದು, ಅನುಮತಿ ಸಿಕ್ಕಿತು.

ಬೇಲೂರಿನಲ್ಲಿ ಹುಡುಗ ಐಟಿಐನ ಸಮವಸ್ತ್ರದಲ್ಲೇ ಬಂದಿದ್ದ. ಪ್ಯಾಂಟು ಕಣಕಾಲಿನಿಂದ ಮೇಲಕ್ಕೆ ಹೋಗಿತ್ತು. ಹಳೇಬೀಡಿನಲ್ಲಿ ಬಸ್ಸು ಬದಲಿಸುವಾಗ ಪ್ರವಾಸಿಗರ ಗುಂಪಿನ ನಡುವೆ ನಿಂತು ಕೇಳಿದ: “ಏನ್ ಮಾತಾಡ್ಲಿ ಮೇಡಂ?” “ನಂಗೂ ಗೊತ್ತಿಲ್ಲ ಕಣೋ” ಎಂದೆ. ಆಮೇಲೆ ಊರು ಬರುವವರೆಗೂ ಅವನು ಕಿಟಕಿಯ ಸರಳು ಹಿಡಿದುಕೊಂಡೇ ಕೂತಿದ್ದ.

ಹಾಡಹಗಲು ಅವನು ಆ ಬೀದಿಯಲ್ಲಿ ನಡೆದ. ಜನ ಜಗಲಿಗೆ ಬಂದು ನಿಂತರು. ಅವನ ಮನೆಯ ಮುಂದೆ ಅಮ್ಮ ನಿಂತಿದ್ದರು. ಅವನು ಅಲ್ಲಿ ನಿಲ್ಲದೆ ಮುಂದೆ ಬಂದ. ಐದನೆಯ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಆಕೆ ಹೊಸ್ತಿಲ ಒಳಗೆ ನಿಂತಿದ್ದರು, ಪಕ್ಕದಲ್ಲಿ ಮಗಳು.

“ಅಮ್ಮಾ, ನಾನು…” ಎಂದು ಹುಡುಗ ಶುರು ಮಾಡಿದ.

“ಏನೂ ಮಾತಾಡ್ಬ್ಯಾಡ” ಎಂದರು ಆಕೆ. “ಬಾಗ್ಲತ್ರ ಬಂದು ನಿಂತ್ಕ. ನೆಟ್ಟಗೆ.”

ಅವನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ. ಆಕೆ ಹತ್ತಿರ ಬಂದು ಅವನ ಪಾದದಿಂದ ತಲೆಯವರೆಗೂ ನೋಡಿದರು. ಅವನ ಹೆಗಲು ಅವರ ಕಣ್ಣಿನ ಮಟ್ಟದಲ್ಲಿತ್ತು. ಕೈ ಎತ್ತಿ ಅವನ ನೆತ್ತಿಯ ಪಕ್ಕದಲ್ಲಿ, ಅವನನ್ನು ಮುಟ್ಟದೆ, ಚೌಕಟ್ಟಿನ ಮರದ ಮೇಲೆ ಅಂಗೈ ಇಟ್ಟರು. ಅದಕ್ಕಾಗಿ ತುದಿಗಾಲಲ್ಲಿ ನಿಲ್ಲಬೇಕಾಯಿತು.

“ನೀವಿಬ್ರೂ ಒಂದೇ ಅಳ್ತೆ ಇದ್ರಿ. ಒಬ್ಬನ್ನ ಕಳ್ಸಿ ಇಬ್ರಿಗೂ ಯೂನಿಫಾರಂ ಹೊಲಿಸ್ತಿದ್ವಿ, ನಿಮ್ಮವ್ವ ನಾನು” ಎಂದರು.  “ಹೋಗು. ನಿಮ್ಮವ್ವ ಕಾಯ್ತಾ ನಿಂತವ್ಳೆ. ಮನೇಲೇ ಇರು ಇನ್ಮೇಲೆ.”

ಹುಡುಗ ಹಿಂತಿರುಗಿ ಬೀದಿಗೆ ಇಳಿದು, ಮೂರು ಮನೆ ದಾಟಿ, ಅಮ್ಮನ ಬಳಿಗೆ ಹೋದ. ಈ ತಾಯಿ ಅಂಗೈಯನ್ನು ಮರದ ಮೇಲಿಂದ ತೆಗೆಯಲೇ ಇಲ್ಲ. ಇನ್ನೊಂದು ಕೈಯಿಂದ ಮಗಳನ್ನು ಹತ್ತಿರ ಎಳೆದುಕೊಂಡರು.

“ನೋಡಿಟ್ಕಳವ್ವ” ಎಂದರು. “ನಿಮ್ಮಣ್ಣ ಈಗ ಈಟುದ್ದ ಆಗಿರ್ತಿದ್ದ.”